ವಾರದ ನಡುವಿನ ಕೋಣೆ

ವರ್ಲಾ ಹ್ಯಾಡ್ಲಾಕ್ ವೇಗಸಿನ ಆ ಹೋಟೆಲಿನ ಪುಟ್ಟ ಫ್ರಿಜ್ಜಿನಿಂದ ಹದಿನಾಲ್ಕು ಬಾಟಲಿ, ಆರು ಚಾಕಲೇಟು, ಒಂದು ಡಬ್ಬಿ ಗೋಡಂಬಿ ಹೊರಗೆ ತೆಗೆದು, ಟವೆಲಿನ ಮೇಲೆ ಸಾಲಾಗಿ ಇಟ್ಟು, ಒಳಗಿನ ಅಂಟನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದ್ದು ಸೋಮವಾರ. ಅದರ ಬೆಲೆ ಗೊತ್ತಾದದ್ದು ಶುಕ್ರವಾರ.

ತೆಗೆದದ್ದರಲ್ಲಿ ಒಂದನ್ನೂ ಅವಳು ಬಿಚ್ಚಿರಲಿಲ್ಲ. ಮನೆಯಿಂದ ತಂದ ಕೋಳಿಸಾರಿಗೆ, ಹಾಲಿಗೆ, ಬೇಯಿಸಿ ಅರೆದ ಪೇರು ಹಣ್ಣಿಗೆ ಜಾಗ ಬೇಕಿತ್ತು, ಅಷ್ಟೇ. ಹೊರಡುವ ದಿನ ಎಲ್ಲವನ್ನೂ ಇದ್ದ ಹಾಗೇ ಜೋಡಿಸಿಯೂ ಇದ್ದಳು, ಲೇಬಲು ಮುಂದೆ ಮಾಡಿ.

"ಬಾಟ್ಲಿ ಎತ್ತಿದ ತಕ್ಷಣ ಕಂಪ್ಯೂಟರಿಗೆ ಗೊತ್ತಾಗುತ್ತೆ ಮೇಡಂ," ಎಂದ ಕೌಂಟರಿನಲ್ಲಿದ್ದವನು. "ಎತ್ತಿದ್ದು ಅಂದ್ರೆ ಕೊಂಡಿದ್ದು ಅಂತ ಲೆಕ್ಕ."

"ಎತ್ತಿದ್ದು ಒರೆಸೋಕೆ ಕಣಪ್ಪಾ. ಒಳಗೆ ಎಷ್ಟು ಕೊಳೆ ಇತ್ತು, ನೋಡಿದ್ದೀಯಾ ನೀನು?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗಂಡ ಆರ್ವೆಲ್ ಬಿಲ್ಲನ್ನು ತೆಗೆದುಕೊಂಡು, ಕೈ ಉದ್ದಕ್ಕೆ ಚಾಚಿ, ಮೇಲಿನಿಂದ ಕೆಳಗಿನವರೆಗೆ ಓದಿದ. ವಿಸ್ಕಿ, ರಮ್ಮು, ಮತ್ತೆ ವಿಸ್ಕಿ. ಕೌಂಟರಿನವನು ಮೇಲಿನವರನ್ನು ಕರೆಸಿ ಬಿಲ್ಲಿನಿಂದ ಬಾಟಲಿಗಳನ್ನೆಲ್ಲ ಹೊಡೆದುಹಾಕಿಸಿದ. ಫ್ರಿಜ್ಜು ಬಳಸಿದ್ದಕ್ಕೆ ಐವತ್ತು ಡಾಲರು ಮಾತ್ರ ಉಳಿಯಿತು. ಅದರ ಜೊತೆಗೆ ದಿನದಿನದ ಸೌಲಭ್ಯದ ಶುಲ್ಕ. ಸೊಸೆ ಟ್ರೆಸ್ಸಾ ಫೋನಿನಲ್ಲಿ ಹುಡುಕಿ ಕೊಟ್ಟಿದ್ದ ಅಗ್ಗದ ಬಾಡಿಗೆಗಿಂತ ಆ ಶುಲ್ಕವೇ ಜಾಸ್ತಿಯಿತ್ತು. ಸೌಲಭ್ಯವೆಂದರೆ ಈಜುಕೊಳ. ಜನವರಿಯ ಚಳಿಗೆ ಅದನ್ನು ಮುಚ್ಚಿ ಬೀಗ ಹಾಕಿದ್ದರು.

ಊರ ದಾರಿಯಲ್ಲಿ ಅರವತ್ತು ಮೈಲಿ ಆರ್ವೆಲ್ ಆ ಬಿಲ್ಲನ್ನು ಮಡಿಚುತ್ತ ಬಿಚ್ಚುತ್ತ ಕೂತಿದ್ದ.

"ಅರವತ್ತೇಳು ವರ್ಷ ನಾಲಿಗೆಗೆ ಸೋಕಿಸಿದೋನಲ್ಲ," ಎಂದ ಆಮೇಲೆ. "ಇವತ್ತು ನನ್ನ ಹೆಸರಲ್ಲಿ ಹದಿನಾಲ್ಕು ಬಾಟ್ಲಿ."

"ಹೊಡೆದುಹಾಕಿದ್ರಲ್ಲ."

"ಹೊಡೆದುಹಾಕಿದ್ರು. ಆದ್ರೆ ಅಷ್ಟು ಜನ ಓದಾಗಿತ್ತು."

ಅವನ ಗಂಟಲಲ್ಲಿ ಕ್ಯಾನ್ಸರ್ ಗಡ್ಡೆಯಿತ್ತು. ಮೂವತ್ತೈದು ಸಲ ವಿಕಿರಣದ ಯಂತ್ರದ ಕೆಳಗೆ ಮಲಗಬೇಕು, ಸೋಮವಾರದಿಂದ ಶುಕ್ರವಾರದವರೆಗೆ, ಏಳು ವಾರ, ಒಂದನ್ನೂ ತಪ್ಪಿಸಬಾರದು ಎಂದಿದ್ದರು ಡಾಕ್ಟರು. ಚಿಕಿತ್ಸೆಯ ಖರ್ಚನ್ನು ವಿಮೆ ನೋಡಿಕೊಳ್ಳುತ್ತಿತ್ತು. ತಲೆ ಇಡುವ ದಿಂಬಿಗೆ ವಿಮೆಯಿಲ್ಲ. ವೇಗಸಿನಲ್ಲಿ ಕೋಣೆಗೆ ವಾರವೇ ಋತುಮಾನ. ಸೋಮವಾರ ಕೇಳುವವರಿಲ್ಲದೆ ಬಿದ್ದಿರುವ ಕೋಣೆಯ ಬಾಡಿಗೆ ಶುಕ್ರವಾರ ಮಧ್ಯಾಹ್ನವಾಗುತ್ತಲೇ ಮೂರು ಪಾಲು ಏರುತ್ತದೆ. ಹಾಗಾಗಿ ಶುಕ್ರವಾರ ಯಂತ್ರದಿಂದ ಇಳಿದವನನ್ನು ಇಳಿದ ಹಾಗೇ ಕೂರಿಸಿಕೊಂಡು ವರ್ಲಾ ಮೂರು ಗಂಟೆ ಗಾಡಿ ಓಡಿಸಿ ತಮ್ಮೂರು ಆಲ್ಡರ್ ಬೆಂಚಿಗೆ ತರಬೇಕು, ಸೋಮವಾರ ನಸುಕಿಗೆ ಮತ್ತೆ ಹೊರಡಬೇಕು.

ಶನಿವಾರದ ಊಟಕ್ಕೆ ಆಲೂಗಡ್ಡೆ, ಹುರಿದ ಮಾಂಸ, ಆರ್ವೆಲನಿಗೆ ಅದನ್ನೇ ಅರೆದದ್ದು. ಮಗ ಕೆಂಡಲ್ ಕೊಟ್ಟಿಗೆಯಿಂದ ಬಂದು ಮೊಣಕೈವರೆಗೆ ತೊಳೆದುಕೊಂಡು ಕೂತ. ಹಸುಗಳು ಈಯುವ ಕಾಲ. ಅವನ ಕಣ್ಣು ಕೆಂಪಗಿತ್ತು.

"ಬಿಷಪ್ ಡಾರ್ಲ್ ಕೇಳ್ತಿದ್ರು," ಎಂದ. ಬಿಷಪ್ಪೆಂದರೆ ಆಚೆ ಬೇಲಿಯ ರೈತನೇ, ಈ ಐದು ವರ್ಷ ಚರ್ಚಿನ ಭಾರ ಅವನ ಹೆಗಲಿಗೆ ಬಂದಿತ್ತು. "ವೇಗಸಿನಲ್ಲಿ ನಮ್ಮ ಚರ್ಚಿನೋರ ಮನೆಗಳಿವೆಯಂತೆ. ಏಳು ವಾರ ಇಟ್ಕೊಳ್ತಾರಂತೆ."

"ಇನ್ನೊಬ್ಬರ ಬಚ್ಚಲಲ್ಲಿ ಕಫ ಉಗುಳ್ತಾ ಕೂರೋದಿಲ್ಲ ನಾನು."

"ಹಂಗಾದ್ರೆ ಚರ್ಚಿನ ನಿಧಿಯಿಂದ—"

"ಆ ನಿಧಿಗೆ ಹಾಕಿದ ಕೈ ಇದು. ತೆಗೆಯೋ ಕೈ ಅಲ್ಲ." ಆರ್ವೆಲ್ ಚಮಚ ಕೆಳಗಿಟ್ಟ. "ಒಂದು ಮಾತು ಎಲ್ಲರೂ ಕೇಳಿಸ್ಕೊಳ್ಳಿ. ಈ ಗಂಟಲಿಗಾಗಿ ಒಂದು ಹಸು ಮಾರೋ ದಿನ ಬಂತೋ, ಆವತ್ತೇ ನಿಲ್ಲಿಸಿಬಿಡ್ತೀನಿ. ಇಪ್ಪತ್ತು ಸಲ ಆಗಿರಲಿ, ಮೂವತ್ತಾಗಿರಲಿ."

ಅದು ಬಾಯಿಮಾತಲ್ಲವೆಂದು ವರ್ಲಾಗೆ ಗೊತ್ತಿತ್ತು. ಒಂದು ಬೇಸಿಗೆ ಪಕ್ಕೆಲುಬು ಮುರಿದುಕೊಂಡು ಆಸ್ಪತ್ರೆ ಸೇರಿದವನು, ಹೊಲಕ್ಕೆ ನೀರು ಬಿಡುವ ಸರದಿ ತಪ್ಪುತ್ತದೆಂದು ಅಲ್ಲಿನ ಅಂಗಿಯಲ್ಲೇ ಎದ್ದು ಬಂದಿದ್ದ.

ಟ್ರೆಸ್ಸಾ ತಟ್ಟೆಯ ಪಕ್ಕದಲ್ಲಿ ಫೋನಿಟ್ಟುಕೊಂಡು ಹುಡುಕುತ್ತಲೇ ಇದ್ದಳು. "ಅತ್ತೆ, ಬರೋ ವಾರ ಕಾಂಕ್ರೀಟ್ ಮಾರೋರ ಸಮಾವೇಶವಂತೆ. ವಾರದ ಮಧ್ಯಾನೂ ಎಲ್ಲ ಕಡೆ ಬಾಡಿಗೆ ಮೂರರಷ್ಟು."

"ಕಾಂಕ್ರೀಟ್ ಮಾರೋರಿಗೂ ಸಮಾವೇಶವಾ?" ಎಂದ ಕೆಂಡಲ್. "ಏನ್ ಮಾತಾಡ್ಕೋತಾರೆ? ಗಟ್ಟಿಯಾಯ್ತಾ, ಆಯ್ತು ಅಂತಾನಾ?"

ಆರ್ವೆಲ್ ಒಬ್ಬನೇ ಮೂಗಿನಲ್ಲಿ ಸಣ್ಣಗೆ ನಕ್ಕ. ನಕ್ಕದ್ದು ಗಂಟಲಿಗೆ ಹೋಗಿ ಕೆಮ್ಮಾಯಿತು.

"ಪೂರ್ವದ ಕಡೆ ಒಂದು ಹಳೇ ಹೋಟೆಲಿದೆ," ಎಂದಳು ಟ್ರೆಸ್ಸಾ. "ಕೆಳಗೆ ಬೌಲಿಂಗು, ಜೂಜುಖಾನೆ. ಮೇಲೆ ಕೋಣೆ. ಈಜುಕೊಳ ಇಲ್ಲ, ಅದರ ಶುಲ್ಕಾನೂ ಇಲ್ಲ."

ಆ ಹೋಟೆಲಿನ ಹಜಾರದಲ್ಲಿ ಸಿಗರೇಟಿನ ವಾಸನೆ ರತ್ನಗಂಬಳಿಯೊಳಕ್ಕೆ ಇಳಿದುಹೋಗಿತ್ತು. ಕೌಂಟರಿನಲ್ಲಿ ಇದ್ದವಳು ಲುಸ್ವಿ, ಫಿಲಿಪೀನ್ಸಿನವಳು, ಇಪ್ಪತ್ತೆರಡು ವರ್ಷದಿಂದ ಅದೇ ಜಾಗದಲ್ಲಿ ನಿಂತವಳು. ಆರ್ವೆಲನ ಕತ್ತಿನ ಮೇಲೆ ಡಾಕ್ಟರು ಎಳೆದ ಗೆರೆ ಕಂಡು ಅವಳು ಏನೂ ಕೇಳಲಿಲ್ಲ, ಲಿಫ್ಟಿಗೆ ಹತ್ತಿರದ ಕೋಣೆ ಕೊಟ್ಟಳು. ಅವನು ಮಲಗಿದ ಮೇಲೆ ಮಂಜುಗಡ್ಡೆ ತರಲು ಇಳಿದ ವರ್ಲಾಳನ್ನು ಕರೆದಳು.

"ವರ್ಲಾ ಮೇಡಂ, ಏಳು ವಾರ ಅಂದ್ರಲ್ಲ. ಒಂದು ಕಾರ್ಡ್ ಮಾಡಿಸ್ಕೊಳ್ಳಿ. ಆ ಕಾರ್ಡ್ ಹಾಕಿ ಜೂಜಿನ ಮಿಷನ್ನಲ್ಲಿ ಆಡಿದ್ರೆ, ಮುಂದಿನ ವಾರ ಕೋಣೆ ಪುಕ್ಕಟೆ."

"ನಾವು ಆಡೋ ಜನ ಅಲ್ಲಮ್ಮಾ."

"ಯಾರೂ ಆಡೋ ಜನ ಅಲ್ಲ ಮೇಡಂ. ಮೇಲೆ ಮಲಗಿರೋರಲ್ಲಿ ಅರ್ಧ ಜನ ಆಸ್ಪತ್ರೆಗೆ ಬಂದೋರು. ಗೆದ್ರಾ ಸೋತ್ರಾ ಹೋಟೆಲಿನೋರಿಗೆ ಬೇಡ. ಎಷ್ಟು ಹೊತ್ತು ಕೂತಿದ್ರಿ, ಅದು ಬೇಕು."

ಆಲ್ಡರ್ ಬೆಂಚಿನಿಂದ ಯಾವ ದಿಕ್ಕಿಗೆ ಹೋದರೂ ಪೆಟ್ರೋಲು ಬಂಕಿನಲ್ಲಿ, ದಿನಸಿ ಅಂಗಡಿಯಲ್ಲಿ, ಕ್ಷೌರದಂಗಡಿಯ ಮೂಲೆಯಲ್ಲಿ ಸಹ ಜೂಜಿನ ಯಂತ್ರವಿರುತ್ತದೆ. ಊರಿನ ಗಡಿಯೊಳಗೆ ಮಾತ್ರ ಒಂದೂ ಇಲ್ಲ. ಹೆಂಡ, ಜೂಜು ಎರಡೂ ತಮ್ಮ ಚರ್ಚಿಗೆ ಸಲ್ಲದೆಂದು ಮುತ್ತಜ್ಜಂದಿರು ಹಾಕಿದ ಗೆರೆ ಅದು. ಅರವತ್ತಮೂರು ವರ್ಷ ವರ್ಲಾ ಆ ಯಂತ್ರಗಳ ಪಕ್ಕದಲ್ಲಿ ನಿಂತು ಹಿಟ್ಟು, ಯೀಸ್ಟು ಕೊಂಡಿದ್ದಳು. ಒಂದರ ಗುಂಡಿಯನ್ನೂ ಮುಟ್ಟಿರಲಿಲ್ಲ.

ಮಂಗಳವಾರ ಆರ್ವೆಲ್ ಆಸ್ಪತ್ರೆಯ ಯಂತ್ರದಿಂದ ಬಂದು ನಿದ್ದೆ ಹೋದ ಮೇಲೆ, ಕೌದಿ ಹೊಲಿದು ಮಾರಿದ ದುಡ್ಡಿನಲ್ಲಿ ಇಪ್ಪತ್ತು ಡಾಲರು ತೆಗೆದುಕೊಂಡು ಕೆಳಗಿಳಿದು ಕಾರ್ಡ್ ಮಾಡಿಸಿದಳು. ಕುದುರೆಲಾಳದ ಚಿತ್ರಗಳು ತಿರುಗುವ ಒಂದು ಸೆಂಟಿನ ಯಂತ್ರ. ಕೋಳಿಗಳಿಗೆ ಕಾಳೆರಚುವ ಹಾಗೆ, ಒಂದು ಹಾಕಿ, ನೋಡಿ, ಇನ್ನೊಂದು ಹಾಕಿದಳು. ಒಂದೂವರೆ ಗಂಟೆಗೆ ಹನ್ನೊಂದು ಡಾಲರು ಹೋಯಿತು. ಮೇಲೆ ಬಂದು ಕೈ ತೊಳೆದಳು. ಕೂದಲಿಗೆ ಹತ್ತಿದ ಹೊಗೆಯ ವಾಸನೆ ಹಜಾರದ್ದೆಂದು ಆರ್ವೆಲ್ ತಿಳಿದ.

ಮುಂದಿನ ಸೋಮವಾರ ಲುಸ್ವಿ ಎರಡು ರಾತ್ರಿಗಳ ಬಾಡಿಗೆ ತೆಗೆದುಹಾಕಿದಳು.

"ಯಾಕಂತೆ?" ಎಂದು ಕೋಣೆಯಲ್ಲಿ ಕೇಳಿದ ಆರ್ವೆಲ್.

ವರ್ಲಾ ಕಾಫಿ ಕಾಯಿಸುವ ಯಂತ್ರದಲ್ಲಿ ಓಟ್ಸಿನ ಗಂಜಿಗೆ ನೀರು ಬಿಸಿಮಾಡುತ್ತಿದ್ದಳು. ಅವರ ಚರ್ಚಿನವರು ಕಾಫಿಯನ್ನೂ ಕುಡಿಯುವವರಲ್ಲ. ಆ ಯಂತ್ರಕ್ಕೆ ಬೇರೆ ಕೆಲಸವಿರಲಿಲ್ಲ. ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಆಸ್ಪತ್ರೆಗೆ ಬರೋರಿಗೆ ಬಿಟ್ಟುಕೊಡ್ತಾರಂತೆ."

"ದಾನವಾ?"

"ರಿಯಾಯಿತಿ."

"ರಿಯಾಯಿತಿ ಬೇರೆ," ಎಂದ ಆರ್ವೆಲ್. ಗಂಜಿ ಬಾಯಿಗಿಟ್ಟು ಮುಖ ಕಿವುಚಿದ. "ಕಾಫಿ ವಾಸನೆ ಕಣೆ. ಈ ಊರು ನನ್ನನ್ನ ಒಂದೊಂದಾಗಿ ಕೆಡಿಸ್ತಾ ಇದೆ." ಮತ್ತೆ ಎರಡು ಚಮಚ ತಿಂದು ಹೇಳಿದ: "ಅವರಿಗೇನಾದ್ರೂ ಕೊಡಬೇಕು. ನಮ್ಮ ಪೀಚ್ ಹಣ್ಣಿನ ಬಾಟ್ಲಿ ಒಂದು ತಾ ಬರೋ ವಾರ. ಕೊಟ್ಟ ಪಾತ್ರೆ ಬರಿದಾಗಿ ಹಿಂದಕ್ಕೆ ಹೋಗಬಾರದು."

ಭಾನುವಾರ ಚರ್ಚಿನಲ್ಲಿ ಪ್ರಸಾದದಂತೆ ಹಂಚುವ ಬ್ರೆಡ್ಡಿನ ಚೂರುಗಳ ತಟ್ಟೆ ಸಾಲಿನಿಂದ ಸಾಲಿಗೆ ಕೈದಾಟಿ ಬಂತು. ತಾವು ಮಾಡಿದ ತಪ್ಪೊಂದು ಮನಸ್ಸನ್ನು ಕಾಡುತ್ತಿದ್ದವರು ತೆಗೆದುಕೊಳ್ಳದೆ ತಟ್ಟೆಯನ್ನು ಮುಂದಕ್ಕೆ ದಾಟಿಸುತ್ತಾರೆ. ಯಾರೂ ಕೇಳುವುದಿಲ್ಲ. ಆದರೆ ಎಲ್ಲರೂ ನೋಡಿರುತ್ತಾರೆ. ವರ್ಲಾ ದಾಟಿಸಿದಳು. ಪಕ್ಕದಲ್ಲಿದ್ದ ಆರ್ವೆಲ್ ಒಂದು ಚೂರು ಆರಿಸಿ ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ಅದು ಕರಗಿ ಇಳಿಯುವಷ್ಟರಲ್ಲಿ ಒಂದು ಹಾಡು ಮುಗಿದು ಒಬ್ಬರ ಭಾಷಣ ಅರ್ಧವಾಗಿತ್ತು. ಅವನ ಗಂಟಲ ಮಣಿ ಏರಿ, ನಿಂತು, ನಡುಗಿ ಇಳಿಯುವುದನ್ನು ಅವಳು ಓರೆಗಣ್ಣಿನಲ್ಲಿ ನೋಡುತ್ತ ಕೂತಳು. ಕೆಂಡಲ್ ತಾಯಿಯನ್ನು ನೋಡುತ್ತಿದ್ದ.

ನಾಲ್ಕನೇ ವಾರಕ್ಕೆ ಆರ್ವೆಲನ ದನಿ ಹೋಯಿತು. ಕತ್ತಿನ ಚರ್ಮ ಸುಟ್ಟ ಆಲೂಗಡ್ಡೆಯ ಸಿಪ್ಪೆಯಂತಾಯಿತು. ಟ್ರೆಸ್ಸಾ ತಾನು ಕೆಲಸ ಮಾಡುವ ಶಾಲೆಯ ಅಡುಗೆಮನೆಯಿಂದ ಒಂದು ಬರೆಯುವ ಪುಸ್ತಕ ತಂದುಕೊಟ್ಟಳು. ಅದರಲ್ಲಿ ಅವನು ಬರೆಯುತ್ತಿದ್ದುದು ಮನೆಯದೇ ವಿಚಾರ. ಬಿಳಿ ಮುಖದ ಕಡಸು ಈದಿತೇ? ಕೆಂಡಲ್ ಮೇಲಿನ ಗೇಟು ಹಾಕಿದನೇ? ವರ್ಲಾ ಊರಿಗೆ ಫೋನು ಮಾಡಿ ಕೇಳಿ, ಉತ್ತರವನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ಆಮೇಲೆ ಅವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಅವನಿಗೆ ಆಹಾರದ ವಾಸನೆಗೇ ಓಕರಿಕೆ ಬರುತ್ತಿದ್ದುದರಿಂದ, ಅವಳು ತನ್ನ ಬ್ರೆಡ್ಡು ಚೀಸನ್ನು ಹಜಾರಕ್ಕೆ ಒಯ್ದು ಮಂಜುಗಡ್ಡೆಯ ಯಂತ್ರದ ಪಕ್ಕ ನಿಂತು ತಿನ್ನುತ್ತಿದ್ದಳು. ಯಾರಾದರೂ ಬಕೆಟ್ಟು ಹಿಡಿದು ಬಂದರೆ ತಿನ್ನುವುದನ್ನು ನಿಲ್ಲಿಸಿ ಸರಿದು ಜಾಗ ಕೊಡುತ್ತಿದ್ದಳು.

ಮಧ್ಯಾಹ್ನ ಎರಡಕ್ಕೆ ಕೆಳಗಿಳಿದರೆ ನೀರು ತಂದುಕೊಡುವ ಹೆಂಗಸು ದೂರದಿಂದಲೇ ಕೂಗುತ್ತಿದ್ದಳು: "ವರ್ಲಾ ಮೇಡಂ, ನಿಮ್ಮ ಕುರ್ಚಿ ಖಾಲಿ ಇಟ್ಟಿದ್ದೀನಿ. ಮಂಜುಗಡ್ಡೆ ಬೇಡ, ನಿಂಬೆಹಣ್ಣು ಬೇಕು, ಅಲ್ವಾ?"

ಆ ಶನಿವಾರ ಕೆಂಡಲ್ ಅಡುಗೆಮನೆಯ ಮೇಜಿನ ಮೇಲೆ ಹೊಳೆಯುವ ಲಕೋಟೆಯೊಂದನ್ನು ಬಿಸಾಕಿದ. ಆರ್ವೆಲ್ ಒಳಗೆ ಮಲಗಿದ್ದ. ಲಕೋಟೆಯ ಮೇಲೆ ಬಂಗಾರದ ಅಕ್ಷರದಲ್ಲಿ ಬರೆದಿತ್ತು: ವರ್ಲಾ ಹ್ಯಾಡ್ಲಾಕ್, ನಿಮಗೆ ನಾಲ್ಕು ರಾತ್ರಿ ಉಚಿತ, ನಿಮ್ಮ ಯಂತ್ರ ಕಾಯುತ್ತಿದೆ.

"ಪೋಸ್ಟಾಫೀಸಿನ ಲವೀನಾ ಇದನ್ನ ಎರಡು ಬೆರಳಲ್ಲಿ ಹಿಡ್ಕೊಂಡು ಕೊಟ್ಲು," ಎಂದ. "ಸತ್ತ ಇಲಿ ಕೊಟ್ಟ ಹಂಗೆ. ಸಂಜೆ ಒಳಗೆ ಊರಿಗೆಲ್ಲ ಗೊತ್ತು."

"ಮೆಲ್ಲಗೆ ಮಾತಾಡು," ಎಂದಳು ವರ್ಲಾ.

"ಎಷ್ಟು ದಿನದಿಂದ ನಡೀತಿದೆ ಇದು?"

"ನಿಮ್ಮಪ್ಪ ಹಸು ಮಾರಬೇಡ ಅಂದ ವಾರದಿಂದ."

"ಅದಕ್ಕೆ ಜೂಜಾಡ್ತೀಯಾ? ನೀನು? ಚರ್ಚಲ್ಲಿ ಮಕ್ಕಳಿಗೆ ಪಾಠ ಹೇಳೋಳು?"

"ಹೋದ ತಿಂಗಳೇ ಬಿಡಿಸಿದ್ದಾರೆ, ನಿಂಗೆ ಗೊತ್ತಿಲ್ವಾ? ನಾನು ಊರಲ್ಲಿರಲ್ಲ ಅಂತ."

ಟ್ರೆಸ್ಸಾ ಪಾತ್ರೆ ಒರೆಸುತ್ತಿದ್ದವಳು ತಿರುಗಿದಳು. "ನೀನು ಕೊಡ್ತೀಯಾ ಆ ಬಾಡಿಗೆ? ಹುಲ್ಲು ಕಟ್ಟೋ ಯಂತ್ರದ ಚೈನು ತರೋಕೆ ನನ್ನ ಸಂಬಳ ಕೇಳ್ದೋನು."

"ನೀನು ಸುಮ್ನಿರು. ನಿನಗೆ ಈ ಊರಿನ ರೀತಿ ಗೊತ್ತಿಲ್ಲ."

"ಮದುವೆಯಾಗಿ ಬಂದು ಹದಿಮೂರು ವರ್ಷವಾಯ್ತು. ಇನ್ನೆಷ್ಟು ವರ್ಷಕ್ಕೆ ಗೊತ್ತಾಗುತ್ತೋ."

ಕೆಂಡಲ್ ದನಿ ತಗ್ಗಿಸಿದ. "ಅಮ್ಮಾ, ನಿಲ್ಲಿಸು. ಇಲ್ಲಾಂದ್ರೆ ಅಪ್ಪನಿಗೆ ಹೇಳ್ತೀನಿ."

"ಹೇಳು," ಎಂದಳು ವರ್ಲಾ. "ಹೇಳಿ, ಸೋಮವಾರದಿಂದ ನೀನೇ ಕರ್ಕೊಂಡು ಹೋಗು. ರಾತ್ರಿ ಎರಡು ಗಂಟೆಗೊಮ್ಮೆ ಎಬ್ಬಿಸಿ ಗಂಟಲು ಮುಕ್ಕಳಿಸೋ ಹಾಗೆ ಮಾಡು. ಅವನು ನಿಲ್ಲಿಸ್ತೀನಿ ಅಂತ ಬರೆದು ತೋರಿಸಿದಾಗ ಉತ್ತರಾನೂ ನೀನೇ ಕೊಡು."

ಕೊಟ್ಟಿಗೆಯಲ್ಲಿ ಹಸುವೊಂದು ನರಳಿತು. ಕೆಂಡಲ್ ಟೋಪಿ ತೆಗೆದುಕೊಂಡು ಹೊರಟುಹೋದ. ಟ್ರೆಸ್ಸಾ ಲಕೋಟೆಯನ್ನು ನಾಲ್ಕು ಮಡಿಕೆ ಮಾಡಿ ಅತ್ತೆಯ ಏಪ್ರನ್ನಿನ ಜೇಬಿಗೆ ಹಾಕಿದಳು.

ಆರನೇ ವಾರದ ಮಂಗಳವಾರ ಲುಸ್ವಿ ಕಂಪ್ಯೂಟರು ನೋಡಿ ಹೇಳಿದಳು: "ನಿಮ್ಮದೆಲ್ಲ ಮುಗೀತು ಮೇಡಂ. ಕೊನೇ ಶುಕ್ರವಾರದವರೆಗೂ ಕೋಣೆ ಪುಕ್ಕಟೆ. ಇನ್ನು ನೀವು ಮಿಷನ್ ಮುಟ್ಟದಿದ್ರೂ ನಡೆಯುತ್ತೆ."

ಬುಧವಾರ ಎರಡು ಗಂಟೆಗೆ ವರ್ಲಾ ಕೋಣೆಯ ಕುರ್ಚಿಯಲ್ಲಿ ಕೂತು ಕೌದಿಯ ಚೌಕವೊಂದನ್ನು ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ಆರ್ವೆಲ್ ಗೋಡೆಯ ಕಡೆ ತಿರುಗಿ ಮಲಗಿದ್ದ. ಎರಡೂಕಾಲಕ್ಕೆ ಅವಳು ಬೂಟು ಹಾಕಿಕೊಂಡು ಕೆಳಗಿಳಿದಳು.

"ತಡವಾಯ್ತಲ್ಲ ಇವತ್ತು," ಎಂದಳು ನೀರಿನವಳು. "ಹುಷಾರಾಗಿದ್ದೀರಾ?"

"ಹುಷಾರಾಗಿದ್ದೀನಿ ಕಣಮ್ಮಾ. ಕೇಳಿದ್ಯಲ್ಲ, ಅಷ್ಟೇ ಸಾಕು."

ಸ್ವಲ್ಪ ಹೊತ್ತಿಗೆ ಕುದುರೆಲಾಳಗಳು ಸಾಲುಗೂಡಿ ಯಂತ್ರ ಹಾಡತೊಡಗಿತು. ಒಂಬತ್ತು ಡಾಲರು. ಅವಳು ನಗುತ್ತಲೇ ತಲೆಯೆತ್ತಿದಳು. ರತ್ನಗಂಬಳಿಯ ಆ ಕೊನೆಯಿಂದ ಆರ್ವೆಲ್ ಬರುತ್ತಿದ್ದ. ಕಾಲಿಗೆ ಬರೀ ಕಾಲುಚೀಲ, ಕೈಯಲ್ಲಿ ಊರಿನಿಂದ ತಂದು ಕೊಡದೇ ಉಳಿದಿದ್ದ ಪೀಚ್ ಹಣ್ಣಿನ ಬಾಟಲಿ. ಮುಚ್ಚಳಕ್ಕೆ ಬಟ್ಟೆಯ ತುಂಡು ಕಟ್ಟಿ ಗಂಟಿನ ಬಾಲ ಸರಿಮಾಡಿದ್ದ. ಅವನ ಹಿಂದೆ ಕೌಂಟರು ಬಿಟ್ಟು ಲುಸ್ವಿ ಓಡೋಡಿ ಬರುತ್ತಿದ್ದಳು.

"ಮೇಡಂ, ನಂಗೆ ಗೊತ್ತಿರಲಿಲ್ಲ," ಎಂದಳು ಅವಳು. "ರೋಗಿಗಳಿಗೆ ಕೋಣೆ ಕೊಟ್ಟಿದ್ದಕ್ಕೆ ಅಂತ ಬರೆದು ತೋರಿಸಿದ್ರು. ನಾನು, ಅಯ್ಯೋ ಸಾರ್, ಅದು ನಾವು ಕೊಟ್ಟಿದ್ದಲ್ಲ, ಮೇಡಂ ಆಡಿ ಗಳಿಸಿದ್ದು, ಅಂದ್ಬಿಟ್ಟೆ. ಹೊಗಳೋಣ ಅಂತ ಅಂದೆ ಮೇಡಂ."

ಯಂತ್ರ ಇನ್ನೂ ಹಾಡುತ್ತಿತ್ತು. ಆರ್ವೆಲ್ ಬಾಟಲಿಯನ್ನು ಅದರ ಮೇಲಿಟ್ಟು, ಜೇಬಿನಿಂದ ಪುಸ್ತಕ ತೆಗೆದು ಬರೆದ. ಯಾವಾಗಿನಿಂದ?

"ಎರಡನೇ ವಾರದಿಂದ."

ಅವನು ಬರೆದ. ಕೋಣೆಗಾಗಿ?

"ಕೋಣೆಗಾಗಿ," ಎಂದಳು ವರ್ಲಾ. ಅವನು ಪುಸ್ತಕ ಮುಚ್ಚಲು ಹೊರಟ. ತಪ್ಪು ಅಷ್ಟಕ್ಕೇ ನಿಲ್ಲಬಹುದಿತ್ತು. ಅವಳು ಕುರ್ಚಿಯ ಅಂಚು ಹಿಡಿದುಕೊಂಡಳು. "ನಿನ್ನೆಯವರೆಗೆ ಕೋಣೆಗಾಗಿ. ಕೋಣೆ ನಿನ್ನೆಗೇ ಪೂರ್ತಿ ಸಿಕ್ಕಿಹೋಯ್ತು, ಆರ್ವೆಲ್. ಇವತ್ತು ಸುಮ್ನೆ ಬಂದೆ."

ಅವನು ಪೆನ್ನು, ಪುಸ್ತಕ ಜೇಬಿಗೆ ಹಾಕಿದ. ಬಾಟಲಿ ಎತ್ತಿಕೊಂಡು, ಬಂದ ದಾರಿಯಲ್ಲೇ ನಿಧಾನವಾಗಿ ಲಿಫ್ಟಿನ ಕಡೆ ನಡೆದ.

ಅವನು ಚಿಕಿತ್ಸೆ ನಿಲ್ಲಿಸಿಬಿಡುತ್ತಾನೆಂದು ಅವಳು ಆ ಸಂಜೆಯೆಲ್ಲ ಕಾದಳು. ಬೆಳಿಗ್ಗೆ ಎಂಟಕ್ಕೆ ಅವನು ಅಂಗಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದ. ಉಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಪುಸ್ತಕದಲ್ಲಿ ಮಾತ್ರ ಏನೂ ಬರೆಯಲಿಲ್ಲ, ಹಸುಗಳನ್ನು ಸಹ ವಿಚಾರಿಸಲಿಲ್ಲ. ಮಧ್ಯಾಹ್ನ ಎರಡಕ್ಕೆ ಇಬ್ಬರೂ ಕೋಣೆಯಲ್ಲಿ ಕೂತಿರುತ್ತಿದ್ದರು. ಕೆಳಗಿನಿಂದ ಬೌಲಿಂಗಿನ ಗುಂಡು ಉರುಳಿ ಬಡಿಯುವ ಸದ್ದು ನೆಲದ ಮೂಲಕ ಬರುತ್ತಿತ್ತು.

ಕೊನೆಯ ಶುಕ್ರವಾರ, ಏಳು ವಾರ ತಲೆ ಅಲುಗದಂತೆ ಅವನ ಮುಖಕ್ಕೆ ಬಿಗಿದು ಕೂರಿಸುತ್ತಿದ್ದ ಬಲೆಯ ಮುಖವಾಡವನ್ನು ಆಸ್ಪತ್ರೆಯವರು ನೆನಪಿಗೆಂದು ಕೊಟ್ಟರು. ಹೋಟೆಲು ಬಿಡುವಾಗ ಆರ್ವೆಲ್ ಪೀಚಿನ ಬಾಟಲಿಯನ್ನು ಲುಸ್ವಿಯ ಮುಂದೆ ಇಟ್ಟ. ಅವಳು ಬೇಡವೆಂದು ತಲೆಯಾಡಿಸಿದಳು. ಅವನು ಇನ್ನೂ ಸ್ವಲ್ಪ ಮುಂದಕ್ಕೆ ತಳ್ಳಿ ಹೊರಗೆ ನಡೆದ. ದಾರಿಯುದ್ದಕ್ಕೂ ಮುಖವಾಡ ಹಿಂದಿನ ಸೀಟಿನಲ್ಲಿ ಮೇಲ್ಮುಖವಾಗಿ ಮಲಗಿತ್ತು. ವರ್ಲಾ ಕನ್ನಡಿ ನೋಡಿದಾಗಲೆಲ್ಲ ಅದು ಕಾಣುತ್ತಿತ್ತು. ಪಕ್ಕದಲ್ಲಿ ಕೂತಿದ್ದವನ ಮುಖ ಕಿಟಕಿಯ ಕಡೆಗಿತ್ತು.

ಏಪ್ರಿಲಿನ ಎರಡನೇ ಭಾನುವಾರದ ಬೆಳಿಗ್ಗೆ ಆರ್ವೆಲ್ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಕೇಳಿದ. ಕೇಳಿದ್ದು ಬಾಯಲ್ಲಿ, ಒಣಹುಲ್ಲು ಉಜ್ಜಿದಂಥ ದನಿಯಲ್ಲಿ. ಒಂದು ತುಂಡು ತಿಂದ. ಎರಡನೆಯದನ್ನು ನೆನೆಸದೆಯೇ ತಿಂದ.

"ನೋಡಿ, ಹೆಂಗೆ ಇಳೀತು," ಎಂದಳು ಟ್ರೆಸ್ಸಾ. "ಇನ್ನೇನು ಮುಂದಿನ ವಾರ ಮಾಂಸಕ್ಕೆ ಜಗಳ ಆಡ್ತಾರೆ."

"ಇವತ್ತೇ ಆಡ್ತೀನಿ," ಎಂದ ಆರ್ವೆಲ್. ಕೆಂಡಲ್ ಎಷ್ಟೋ ದಿನದ ಮೇಲೆ ನಕ್ಕ.

ಚರ್ಚಿನಲ್ಲಿ ಎಂದಿನ ಸಾಲಿನಲ್ಲೇ ಕೂತರು. ಅಂಚಿಗೆ ವರ್ಲಾ, ಆಮೇಲೆ ಆರ್ವೆಲ್, ಕೆಂಡಲ್, ಟ್ರೆಸ್ಸಾ. ಮುಂದಿನ ಸಾಲಿನಲ್ಲಿದ್ದ ಪೋಸ್ಟಾಫೀಸಿನ ಲವೀನಾ ಒಮ್ಮೆ ತಿರುಗಿ ನೋಡಿ ಮುಖ ತಿರುಗಿಸಿಕೊಂಡಳು. ಬ್ರೆಡ್ಡಿನ ತಟ್ಟೆ ಮೊದಲು ವರ್ಲಾಳ ಕೈಗೆ ಬಂತು. ಹತ್ತು ಭಾನುವಾರಗಳಿಂದ ಮಾಡುತ್ತಿದ್ದ ಹಾಗೇ, ಅವಳು ಅದರ ಕಡೆ ನೋಡದೆ ಗಂಡನಿಗೆ ದಾಟಿಸಿದಳು.

ಆರ್ವೆಲ್ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡ. ಗಂಟಲು ಬೆಂದುಹೋಗಿದ್ದ ದಿನಗಳಲ್ಲೂ ಒಂದು ಭಾನುವಾರ ಬಿಡದೆ ತೆಗೆದುಕೊಂಡಿದ್ದವನು. ಒಂದು ಗಳಿಗೆ ಆ ಚೂರುಗಳನ್ನು ನೋಡಿ, ತಟ್ಟೆಯನ್ನು ಮಗನ ಕೈಗೆ ದಾಟಿಸಿದ. ಕೆಂಡಲ್ ತಟ್ಟೆ ಹಿಡಿದುಕೊಂಡು ತಂದೆಯ ಮುಖವನ್ನೇ ನೋಡಿದ.

"ಪಾಪ," ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. "ಇನ್ನೂ ನುಂಗೋಕಾಗಲ್ಲ ಅನ್ಸುತ್ತೆ."

ಹಾಡು ಶುರುವಾಯಿತು. ಆರ್ವೆಲ್ ನೇರವಾಗಿ ಮುಂದಕ್ಕೆ ನೋಡುತ್ತ ಕೂತಿದ್ದ. ವರ್ಲಾ ಓರೆಗಣ್ಣಿನಲ್ಲಿ ಅವನ ಗಂಟಲ ಮಣಿಯನ್ನು ನೋಡಿದಳು. ಅದು ಅಲುಗಾಡಲಿಲ್ಲ.